ಕೋಟೆಯ ಕಿಂಡಿಯೂ ಟೀವಿಯ ಕಣ್ಣೂ

ಚಿತ್ರದುರ್ಗದ ಓಬವ್ವನ ಕಥೆಯನ್ನು ಕನ್ನಡಿಗರ ಮನೆಯಲ್ಲಿ ಹೊಸದಾಗಿ ಹೇಳಬೇಕಾದುದಿಲ್ಲ. ಒನಕೆ ಹಿಡಿದು ನಿಂತ ಆ ತಾಯಿಯ ಶೌರ್ಯವನ್ನು ನಾವು ಮಕ್ಕಳಿಗೆ ಮೇಲಿಂದ ಮೇಲೆ ಹೇಳುತ್ತೇವೆ. ಆದರೆ ಕಥೆಯ ಮೊದಲ ಭಾಗವನ್ನು ಅಷ್ಟಾಗಿ ನೆನೆಯುವುದಿಲ್ಲ. ಹೈದರನ ಪಡೆ ಎಷ್ಟು ಮುತ್ತಿದರೂ ಬಗ್ಗದ ಕೋಟೆ. ಅದರ ಬಂಡೆಗಳ ನಡುವೆ ಒಂದು ಕಿಂಡಿ. ಆ ಕಿಂಡಿಯಲ್ಲಿ ಮೊಸರು ಮಾರುವ ಹೆಂಗಸೊಬ್ಬಳು ನುಸುಳಿ ಹೋಗುವುದನ್ನು ಶತ್ರುವಿನ ಕಡೆಯವರು ಕಂಡರಂತೆ. ಆಕೆ ದ್ರೋಹಿಯಲ್ಲ, ಗೂಢಚಾರಳೂ ಅಲ್ಲ. ದಿನದ ದುಡಿಮೆಗೆ ಹೊರಟವಳು. ಆದರೂ ಕೋಟೆಯ ಗುಟ್ಟು ಹೊರಬಿದ್ದದ್ದು ಆಕೆಯ ನಡಿಗೆಯಿಂದಲೇ.

ಈ ಭಾಗ ನಮಗೆ ನೆನಪಾದದ್ದು 2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂಧೂರದ ದಿನಗಳಲ್ಲಿ. ರಜೆಗೆಂದು ಊರಿಗೆ ಹೋದವರು ಮುಂಬಯಿಗೆ ಮರಳುತ್ತಿದ್ದೆವು. ಒಂದು ಜಂಕ್ಷನ್ನಿನಲ್ಲಿ ನಮ್ಮ ಗಾಡಿ ನಿಂತಾಗ ಪಕ್ಕದ ಹಳಿಯ ಮೇಲೆ ಸೈನ್ಯದ ವಿಶೇಷ ಗಾಡಿಯೊಂದು ನಿಂತಿತ್ತು. ಟಾರ್ಪಾಲು ಹೊದೆಸಿದ ವಾಹನಗಳು, ಬಾಗಿಲಲ್ಲಿ ನಿಂತು ಚಹಾ ಕುಡಿಯುತ್ತಿದ್ದ ಜವಾನರು. ನಮ್ಮ ಮಗನಿಗೆ ಸಂಭ್ರಮವೋ ಸಂಭ್ರಮ. ನಾವೂ ಮೊಬೈಲು ತೆಗೆದು ಅರ್ಧ ನಿಮಿಷ ಚಿತ್ರ ಹಿಡಿದು, ‘ನಮ್ಮ ವೀರಯೋಧರಿಗೆ ಜಯವಾಗಲಿ’ ಎಂದು ಬರೆದು ಮನೆಯವರ ವಾಟ್ಸ್‌ಆಪ್ ಬಳಗಕ್ಕೆ ಕಳಿಸಿಬಿಟ್ಟೆವು. ನಿಲ್ದಾಣದ ಹೆಸರಿನ ಹಲಗೆಯೂ ಅದರಲ್ಲಿ ಸ್ಪಷ್ಟವಾಗಿ ಬಂದಿತ್ತು. ರಾತ್ರಿ ಮನೆ ಸೇರಿ ಕೈಕಾಲು ತೊಳೆದು ಕೂಡುವ ಹೊತ್ತಿಗೆ ಅದೇ ಚಿತ್ರ ಬೇರೆಯೇ ಒಂದು ಬಳಗದಿಂದ ನಮಗೆ ಮರಳಿ ಬಂತು. ಕೆಳಗೆ, ‘ಗಡಿಯ ಕಡೆಗೆ ಹೊರಟ ನಮ್ಮ ಪಡೆ, ಎಲ್ಲರಿಗೂ ಕಳಿಸಿ’ ಎಂಬ ಒಕ್ಕಣೆ. ಆ ಗಾಡಿ ಎತ್ತ ಹೊರಟಿತ್ತೋ ನಮಗೇ ತಿಳಿಯದು!

ನಮ್ಮ ಮೇಲಿನ ಮಹಡಿಯಲ್ಲಿ ಧಾರವಾಡದ ಕಡೆಯ ಒಬ್ಬ ಹಿರಿಯ ಹೆಣ್ಣುಮಗಳಿದ್ದಾರೆ. ಕಟ್ಟಡಕ್ಕೆಲ್ಲ ಅವರು ಕಾಕೂ. ಅವರ ಮಗ ಸೈನ್ಯದಲ್ಲಿದ್ದಾನೆ. ಮರುದಿನ ಬೆಳಿಗ್ಗೆ ಆ ಚಿತ್ರವನ್ನು ಅವರಿಗೂ ಹೆಮ್ಮೆಯಿಂದಲೇ ತೋರಿಸಿದೆವು. ಅವರು ಕನ್ನಡಕ ಏರಿಸಿ ಪೂರ್ತಿ ನೋಡಿದರು. ಆಮೇಲೆ ಮೆಲ್ಲಗೆ, “ಏನಪಾ ತಮ್ಮಾ, ಆ ಗಾಡ್ಯಾಗ ನನ್ನ ಮಗಾ ಇದ್ದಿದ್ದರ? ಇದು ಯಾರ್ಯಾರ ಕೈ ಸೇರೇದ ಅಂತ ವಿಚಾರ ಮಾಡೀಯೇನು?” ಎಂದರು. ಸಿಟ್ಟಿನ ಮಾತಲ್ಲ. ಆದರೂ ನಮಗೆ ಅಂದು ಚಹಾ ಗಂಟಲಲ್ಲಿ ಇಳಿಯಲಿಲ್ಲ.

ಈ ಬರಹ ಹುಟ್ಟಿದ್ದು ಅಲ್ಲಿಂದ. ನಾಟಕ, ಸಿನಿಮಾ, ಪುಸ್ತಕಗಳ ವಿಮರ್ಶೆಯನ್ನು ಈ ಪುಟಗಳಲ್ಲಿ ಓದುತ್ತ ಬಂದಿದ್ದೇವೆ. ಆದರೆ ಇಂದು ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಣ್ಣು ಕೀಲಿಸಿ ನೋಡುವುದು ಯುದ್ಧದ, ದಾಳಿಯ ದೃಶ್ಯಗಳನ್ನು. ಅವಕ್ಕೂ ಒಂದು ವಿಮರ್ಶೆ ಬೇಡವೆ? ನಾವು ಸೇನಾ ತಜ್ಞರಲ್ಲ, ಬಿ.ಎಸ್ಸಿ. ಮುಗಿಸಿ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತಿಕೆಗೆ ಸೇರಿದವರು. ಆದರೆ ನೋಡುಗರು ನಾವೇ ತಾನೆ? ಮೂರು ದೃಶ್ಯಗಳನ್ನು ಇಲ್ಲಿ ಪರೀಕ್ಷೆಗೆ ತೆಗೆದುಕೊಳ್ಳುತ್ತೇವೆ.

ಮೊದಲನೆಯದು ನಮ್ಮ ಮುಂಬಯಿಯದೇ.

2008ರ ನವೆಂಬರ್ 26ರ ರಾತ್ರಿಯನ್ನು ಇಲ್ಲಿನ ಕನ್ನಡಿಗರಾರೂ ಮರೆತಿರಲಾರರು. ಹತ್ತು ಮಂದಿ ಸಮುದ್ರದಿಂದ ಬಂದರು. 166 ಮಂದಿಯ ಪ್ರಾಣ ಹೋಯಿತು. 29ರ ಬೆಳಿಗ್ಗೆ ತಾಜ್ ಹೋಟೆಲಿನಲ್ಲಿ ಕೊನೆಯ ಗುಂಡು ನಿಂತಿತು. ನಾವು ಈ ನಗರಕ್ಕೆ ವರ್ಗವಾಗಿ ಬಂದು ಆಗ ಎರಡು ವರ್ಷವೂ ಆಗಿರಲಿಲ್ಲ. ಡೊಂಬಿವಲಿಯ ಬಾಡಿಗೆ ಕೋಣೆಯಲ್ಲಿ ನೆರೆಹೊರೆಯವರೆಲ್ಲ ಒಂದೇ ಟೀವಿಯ ಮುಂದೆ ಕುಳಿತಿದ್ದೆವು. 28ರ ಬೆಳಿಗ್ಗೆ ಕೊಲಾಬಾದ ನರಿಮನ್ ಹೌಸಿನ ಮೇಲೆ ಹೆಲಿಕಾಪ್ಟರ್ ಬಂತು. ರಾಷ್ಟ್ರೀಯ ಭದ್ರತಾ ದಳದ ಕಮಾಂಡೋಗಳು ಹಗ್ಗ ಹಿಡಿದು ಒಬ್ಬೊಬ್ಬರಾಗಿ ಮಾಳಿಗೆಯ ಮೇಲೆ ಇಳಿದರು. ಅದನ್ನು ದೇಶಕ್ಕೆ ದೇಶವೇ ಆ ಕ್ಷಣದಲ್ಲೇ ಕಂಡಿತು. ನಮ್ಮ ಕೋಣೆಯಲ್ಲಿ ಚಪ್ಪಾಳೆ ಬಿತ್ತು. ನಾವೂ ತಟ್ಟಿದೆವು.

ದೃಶ್ಯವಾಗಿ ಅದು ರೋಮಾಂಚಕಾರಿಯೇ. ಆದರೆ ವಿಮರ್ಶಕ ಕೇಳಬೇಕಾದ ಮೊದಲ ಪ್ರಶ್ನೆಯನ್ನು ಅಂದು ಯಾರೂ ಕೇಳಲಿಲ್ಲ: ಈ ಪ್ರದರ್ಶನಕ್ಕೆ ಪ್ರೇಕ್ಷಕರು ಯಾರು? ಡೊಂಬಿವಲಿಯ ನಾವು ಮಾತ್ರವಲ್ಲ. ಪಾಕಿಸ್ತಾನದಲ್ಲಿ ಕುಳಿತಿದ್ದ ಸೂತ್ರಧಾರರೂ ಅದೇ ಟೀವಿಯನ್ನು ನೋಡುತ್ತಿದ್ದರು. ಹೊರಗೆ ಪೊಲೀಸರು ಎಲ್ಲಿದ್ದಾರೆ, ಯಾವ ಕಡೆಯಿಂದ ಬರುತ್ತಿದ್ದಾರೆ ಎಂದು ಒಳಗಿದ್ದ ಕೊಲೆಗಡುಕರಿಗೆ ಫೋನಿನಲ್ಲಿ ಹೇಳುತ್ತಿದ್ದರು. ಬಾಗಿಲು ಹಾಕಿ ಒಳಗೆ ಅಡಗಿದವನಿಗೆ ಹೊರಗಿನದು ಕಾಣುವುದಿಲ್ಲ ಎಂಬುದೇ ಪೊಲೀಸರಿಗಿದ್ದ ಒಂದು ಅನುಕೂಲ. ನಮ್ಮ ಕ್ಯಾಮರಾಗಳು ಆ ಗೋಡೆಗೆ ಕಿಂಡಿ ಕೊರೆದುಕೊಟ್ಟವು.

2012ರ ಆಗಸ್ಟ್ 29ರಂದು ಕಸಬ್ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟು ಈ ನೇರ ಪ್ರಸಾರದ ಬಗ್ಗೆ ಪ್ರತ್ಯೇಕವಾಗಿಯೇ ಬರೆದಿದೆ. ನ್ಯಾಯಮೂರ್ತಿ ಅಫ್ತಾಬ್ ಆಲಂ ಮತ್ತು ನ್ಯಾಯಮೂರ್ತಿ ಚಂದ್ರಮೌಳಿ ಕುಮಾರ್ ಪ್ರಸಾದ್ ಅವರ ಪೀಠ ಅದು. ತೀರ್ಪಿನ ತೂಕದ ಮಾತನ್ನು ನಾವು ಮೆಚ್ಚುತ್ತೇವೆ. ಈ ಪ್ರಸಾರದಿಂದಲೇ ಭದ್ರತಾ ಪಡೆಯವರು ಸತ್ತರೆಂದಾಗಲಿ ಗಾಯಗೊಂಡರೆಂದಾಗಲಿ ಫೋನಿನ ಸಂಭಾಷಣೆಗಳಿಂದ ಹೇಳಲು ಬಾರದು ಎಂದು ಅದು ಒಪ್ಪುತ್ತದೆ. ಆದರೆ ಅವರ ಕೆಲಸ ಮತ್ತಷ್ಟು ಕಠಿಣವೂ ಅಪಾಯಕರವೂ ಆಯಿತೆಂಬುದರಲ್ಲಿ ಸಂಶಯವಿಲ್ಲವೆನ್ನುತ್ತದೆ. ಅದೇ ದೃಶ್ಯಗಳನ್ನು ಕಾರ್ಯಾಚರಣೆ ಮುಗಿದ ಮೇಲೆ ತೋರಿಸಬಹುದಿತ್ತು, ಆದರೆ ಆಗ ಆ ರೋಮಾಂಚವೂ ಟಿ.ಆರ್.ಪಿ.ಯೂ ಸಿಗುತ್ತಿರಲಿಲ್ಲ ಎಂಬುದು ನ್ಯಾಯಾಲಯದ ಅಭಿಪ್ರಾಯ.

ಗಮನಿಸಿ: ತೋರಿಸಲೇಬಾರದಾಗಿತ್ತು ಎಂದು ನ್ಯಾಯಾಲಯ ಹೇಳಲಿಲ್ಲ. ಆಮೇಲೆ ತೋರಿಸಬಹುದಿತ್ತು ಎಂದಿತು. ನಮ್ಮ ವಾದವೆಲ್ಲ ಈ ‘ಆಮೇಲೆ’ ಎಂಬ ಒಂದು ಪದದ ಮೇಲೆಯೇ ನಿಂತಿದೆ.

ಈಗಿನ ಕ್ಯಾಮರಾಗಳ ಕಾಲಕ್ಕೆ ಮಾತ್ರ ಅಂಟಿದ ರೋಗ ಇದಲ್ಲ. 1982ರಲ್ಲಿ ಫಾಕ್‌ಲೆಂಡ್ ದ್ವೀಪಗಳಿಗಾಗಿ ಬ್ರಿಟನ್ನೂ ಅರ್ಜೆಂಟೀನವೂ ಕಾದಿದಾಗ ಕಾಳಗದ ಸುದ್ದಿ ರೇಡಿಯೋದಿಂದಲೂ ಜಗತ್ತಿಗೆ ತಲುಪುತ್ತಿತ್ತು. ಬ್ರಿಟಿಷರ ಎರಡನೆಯ ಪ್ಯಾರಾಚೂಟ್ ಪಡೆ ಗೂಸ್ ಗ್ರೀನ್ ಎಂಬಲ್ಲಿ ದಾಳಿಗೆ ಸಜ್ಜಾಗುತ್ತಿತ್ತು. ಮೇ 27ರಂದು ಬಿ.ಬಿ.ಸಿ.ಯ ವಿಶ್ವ ವಾರ್ತೆ ಆ ಪಡೆ ಅಲ್ಲಿಗೆ ಸಾಗುತ್ತಿದೆಯೆಂದು ಬಿತ್ತರಿಸಿತು. ರಣರಂಗದ ಯೋಧರು ತಮ್ಮ ಗುಟ್ಟನ್ನು ತಮ್ಮದೇ ರೇಡಿಯೋದಲ್ಲಿ ಕೇಳಿ ದಂಗಾದರು. ದಂಡನಾಯಕ ಲೆಫ್ಟಿನೆಂಟ್ ಕರ್ನಲ್ ಜೋನ್ಸ್ ಮೊಕದ್ದಮೆ ಹೂಡುತ್ತೇನೆಂದು ಕಿಡಿಕಾರಿದರು. ಮರುದಿನ ಆ ಕಾಳಗದಲ್ಲೇ ಅವರು ಮಡಿದರು. ಅವರ ಸಾವಿಗೆ ಆ ಸುದ್ದಿಯೇ ಕಾರಣವೆಂದು ಹೇಳುವುದು ಸರಿಯಾಗದು. ಆದರೆ ಆ ಸಿಟ್ಟು ನ್ಯಾಯವಾದದ್ದು.

ಅದೇ ಯುದ್ಧದ ಇನ್ನೊಂದು ಸಂಗತಿ ನಮ್ಮಂಥ ಬಿ.ಎಸ್ಸಿ.ಯವರಿಗೆ ಬೇಗ ಅರ್ಥವಾಗುವಂಥದು. ವಿಮಾನದಿಂದ ಕಳಚಿದ ಬಾಂಬು ಒಂದಿಷ್ಟು ಹೊತ್ತು ಗಾಳಿಯಲ್ಲಿ ಬಿದ್ದ ಮೇಲೆಯೇ ಅದರ ಫ್ಯೂಸು ಸಿಡಿಯಲು ಸಜ್ಜಾಗುತ್ತದೆ. ಹಾಗಿರದಿದ್ದರೆ ಬಾಂಬು ಬಿಟ್ಟ ವಿಮಾನಕ್ಕೇ ಅಪಾಯ. ಅರ್ಜೆಂಟೀನದ ವೈಮಾನಿಕರು ಹಡಗಿನ ಕ್ಷಿಪಣಿಗಳಿಂದ ತಪ್ಪಿಸಿಕೊಳ್ಳಲು ತೀರ ತಗ್ಗಿನಲ್ಲಿ ಹಾರುತ್ತಿದ್ದರು. ಹೀಗಾಗಿ ಹಲವು ಬಾಂಬುಗಳು ಹಡಗಿಗೆ ಬಡಿದರೂ ಸಿಡಿಯಲಿಲ್ಲ. ಈ ಸಂಗತಿಯೂ ಸುದ್ದಿಯಾಗಿ ಹೊರಬಂತು. ‘ಬಾಂಬು ಸಿಡಿಯಲಿಲ್ಲ’ ಎಂಬುದು ಓದುಗನಿಗೆ ಸಮಾಧಾನದ ವಾರ್ತೆ; ಎದುರಾಳಿಗೆ ಮಾತ್ರ ಅದು ಪರೀಕ್ಷೆಯಲ್ಲಿ ತಪ್ಪಿದ ಉತ್ತರದ ಪಕ್ಕ ಮಾಸ್ತರು ಬರೆದುಕೊಟ್ಟ ಸರಿ ಉತ್ತರವಿದ್ದಂತೆ. ನೋಡುವುದಕ್ಕೆ ಅದು ಗುಟ್ಟಿನಂತೆಯೇ ಕಾಣುವುದಿಲ್ಲ.

ಹಾಗಾದರೆ ಪರದೆಯನ್ನೇ ಕಪ್ಪು ಮಾಡಿಬಿಟ್ಟರೆ ಸರಿಯೆ? ಅದನ್ನೂ ಮುಂಬಯಿ ಕಂಡಿದೆ. 2008ರ ನವೆಂಬರ್ 28ರಂದೇ ನಗರದ ಕೇಬಲ್ಲಿನಲ್ಲಿ ಸುದ್ದಿವಾಹಿನಿಗಳನ್ನು ಸ್ವಲ್ಪ ಹೊತ್ತು ನಿಲ್ಲಿಸಲಾಗಿತ್ತು; ಆಮೇಲೆ ಆ ಆದೇಶವನ್ನು ಹಿಂತೆಗೆದುಕೊಂಡರು. ಅದೇ ದಿನ ಸಿ.ಎಸ್.ಟಿ. ನಿಲ್ದಾಣದಲ್ಲಿ ಮತ್ತೆ ಗುಂಡು ಹಾರಿತೆಂಬ ಗಾಳಿಸುದ್ದಿಯೂ ಹಬ್ಬಿತು. ಲೋಕಲ್ ಗಾಡಿಯಲ್ಲಿ ಓಡಾಡುವ ಲಕ್ಷಾಂತರ ಜನರ ಊರಿನಲ್ಲಿ ಇಂಥ ಸುದ್ದಿ ಏನು ಮಾಡೀತೆಂದು ನಾವು ನಿಮಗೆ ವಿವರಿಸಬೇಕಾಗಿಲ್ಲ. ಪರದೆ ಕಪ್ಪಾಗಿದ್ದರೆ ‘ಅದು ಸುಳ್ಳು’ ಎಂದು ಹೇಳುವವರೂ ಇಲ್ಲದಂತಾಗುತ್ತದೆ. ದೀಪ ಆರಿಸಿದರೆ ಕಳ್ಳನಿಗೂ ಕತ್ತಲೆ, ಮನೆಯವರಿಗೂ ಕತ್ತಲೆ.

ಮಧ್ಯದ ದಾರಿ ಇದೆ. 2015ರ ಮಾರ್ಚ್‌ನಲ್ಲಿ ನಮ್ಮ ಕೇಬಲ್ ಟೀವಿ ನಿಯಮಗಳಿಗೆ ಒಂದು ಕಲಮನ್ನು ಸೇರಿಸಿದರು. ಭಯೋತ್ಪಾದಕರ ವಿರುದ್ಧದ ಕಾರ್ಯಾಚರಣೆ ನಡೆಯುವಾಗ ನೇರ ಪ್ರಸಾರ ಕೂಡದು. ಅದು ಮುಗಿಯುವವರೆಗೆ ಸರಕಾರ ನೇಮಿಸಿದ ಅಧಿಕಾರಿ ಆಗಾಗ ಕೊಡುವ ವಿವರವನ್ನಷ್ಟೇ ಹೇಳಬೇಕು. ಯುದ್ಧ ಮನೆಬಾಗಿಲಿಗೇ ಬಂದ ಉಕ್ರೇನಿನಲ್ಲಿ 2022ರಲ್ಲಿ ಗಂಟೆಗಳ ಲೆಕ್ಕವನ್ನೇ ಹಾಕಿದರು. ಬಾಂಬು ಬಿದ್ದದ್ದು ಸೈನ್ಯದ ಸ್ಥಳವಾದರೆ 12 ಗಂಟೆ, ನಾಗರಿಕರ ಸ್ಥಳವಾದರೆ 3 ಗಂಟೆ ಕಳೆಯುವವರೆಗೆ ಪತ್ರಕರ್ತರು ಅದರ ಚಿತ್ರ ಪ್ರಕಟಿಸಬಾರದು. ಬಿದ್ದ ಜಾಗದ ಚಿತ್ರ ಕೂಡಲೇ ಸಿಕ್ಕರೆ ಹೊಡೆದವನು ಗುರಿ ತಿದ್ದಿಕೊಂಡು ಮತ್ತೆ ಹೊಡೆಯುತ್ತಾನೆ ಎಂಬುದು ಇದರ ಹಿಂದಿನ ಲೆಕ್ಕ. ಗಂಟೆ ತುಂಬಿದ ಮೇಲೆ ತೋರಿಸಲು ಅಡ್ಡಿಯಿಲ್ಲ. ನಮ್ಮ ನಿಯಮದಲ್ಲಿ ಕೊರತೆಯಿರುವುದು ಇಲ್ಲೇ. ಅಧಿಕಾರಿ ‘ಆಗಾಗ’ ಹೇಳಬೇಕೆಂದಿದೆ. ಎಷ್ಟು ಗಂಟೆಗೊಮ್ಮೆ ಎಂದಿಲ್ಲ. ಸರಕಾರಿ ಕಚೇರಿಯಲ್ಲಿ ‘ಆಗಾಗ’ ಎಂದರೆ ಎಷ್ಟು ಹೊತ್ತೆಂಬುದು ನಮಗೆ ಚೆನ್ನಾಗಿ ಗೊತ್ತು!

ಈ ನಿಯಮವನ್ನು ಬಳಸಿದ ರೀತಿಯೂ ಸಮಾಧಾನ ತರುವಂತಿಲ್ಲ. 2016ರ ಜನವರಿಯಲ್ಲಿ ಪಠಾಣಕೋಟದ ವಾಯುನೆಲೆಯ ಮೇಲೆ ದಾಳಿ ನಡೆದಾಗ ಒಂದು ಹಿಂದಿ ವಾಹಿನಿ ನೆಲೆಯೊಳಗಿನ ಸೂಕ್ಷ್ಮ ವಿವರಗಳನ್ನು ಹೇಳಿತೆಂದು ಸರಕಾರ ಆಕ್ಷೇಪಿಸಿತು. ಒಂದು ದಿನ ಪ್ರಸಾರ ನಿಲ್ಲಿಸಬೇಕೆಂಬ ಆದೇಶ ಹೊರಟದ್ದು ಹತ್ತು ತಿಂಗಳ ಮೇಲೆ, ನವೆಂಬರಿನಲ್ಲಿ. ಆ ವಿವರಗಳು ಪತ್ರಿಕೆಗಳಲ್ಲಿ ಆಗಲೇ ಬಂದಿದ್ದವು ಎಂಬುದು ವಾಹಿನಿಯ ವಾದ. ಕೊನೆಗೆ ಜಾರಿಗೆ ಬರುವ ಮುನ್ನವೇ ಆದೇಶವನ್ನು ತಡೆಹಿಡಿದರು. ಅಪಾಯವಿದ್ದ ಗಂಟೆಯಲ್ಲಿ ಬಾರದ ಎಚ್ಚರಿಕೆ ಹತ್ತು ತಿಂಗಳ ಮೇಲೆ ಶಿಕ್ಷೆಯಾಗಿ ಬಂದರೆ ಕೋಟೆಯ ಕಿಂಡಿ ಮುಚ್ಚೀತೆ?

ಎರಡನೆಯ ದೃಶ್ಯ ದೂರದ ಬಾಗ್ದಾದಿನದು. ಇದನ್ನು ಯಾವ ವಾಹಿನಿಯ ಕ್ಯಾಮರಾವೂ ಹಿಡಿಯಲಿಲ್ಲ. ಹಿಡಿದದ್ದು ಅಮೆರಿಕದ ಅಪಾಚಿ ಹೆಲಿಕಾಪ್ಟರಿನ ಬಂದೂಕಿಗೆ ಜೋಡಿಸಿದ್ದ ಕ್ಯಾಮರಾ. 2007ರ ಜುಲೈ 12ರ ದೃಶ್ಯ. ಬಣ್ಣವಿಲ್ಲದ ಬೂದು ಚಿತ್ರ, ನಡುವೆ ಗುರಿಯ ಗೆರೆ, ಹಿನ್ನೆಲೆಯಲ್ಲಿ ವೈಮಾನಿಕರ ರೇಡಿಯೋ ಮಾತು. ಕೆಳಗೆ ಬೀದಿಯಲ್ಲಿ ಒಂದಷ್ಟು ಗಂಡಸರು. ಅವರಲ್ಲಿ ಇಬ್ಬರು ರಾಯಿಟರ್ಸ್ ಸುದ್ದಿಸಂಸ್ಥೆಯವರು: ಛಾಯಾಗ್ರಾಹಕ ನಮೀರ್ ನೂರ್ ಎಲ್ದೀನ್, ಚಾಲಕ ಸಯೀದ್ ಚಮಾಗ್. ಹೆಗಲಿಗೆ ತೂಗಿದ್ದ ಕ್ಯಾಮರಾವನ್ನು ಮೇಲಿನವರು ಆಯುಧವೆಂದೇ ಬಗೆದರು. ಗುಂಡಿನ ಮಳೆಯಾಯಿತು. ಗಾಯಗೊಂಡವನನ್ನು ಎತ್ತಲು ಬಂದ ವ್ಯಾನಿನ ಮೇಲೂ ಗುಂಡು ಬಿತ್ತು. ಅದರಲ್ಲಿ ಇಬ್ಬರು ಮಕ್ಕಳಿದ್ದರು, ಗಾಯಗೊಂಡರು. ರಾಯಿಟರ್ಸ್ ಸಂಸ್ಥೆ ಮಾಹಿತಿ ಕಾಯಿದೆಯ ಪ್ರಕಾರ ಈ ಚಿತ್ರವನ್ನು ಕೇಳಿತು, ಸಿಗಲಿಲ್ಲ. 2010ರ ಏಪ್ರಿಲ್ 5ರಂದು ವಿಕಿಲೀಕ್ಸ್ ಅದನ್ನು ಬಯಲಿಗೆ ತಂದಿತು. ಗುಟ್ಟಾಗಿ ಕೊಟ್ಟಿದ್ದ ಸೈನಿಕ ಗುಪ್ತಚರ ವಿಶ್ಲೇಷಕಿ ಚೆಲ್ಸಿ ಮ್ಯಾನಿಂಗ್‌ಗೆ 2013ರಲ್ಲಿ 35 ವರ್ಷ ಸೆರೆಯಾಯಿತು. ಅಧ್ಯಕ್ಷ ಒಬಾಮ ಶಿಕ್ಷೆ ತಗ್ಗಿಸಿದ ಮೇಲೆ 2017ರಲ್ಲಿ ಬಿಡುಗಡೆಯಾಯಿತು.

ವಿಮರ್ಶೆಯ ದೃಷ್ಟಿಯಿಂದ ಇದರಲ್ಲೂ ದೋಷ ಹುಡುಕಬಹುದು. ಕತ್ತರಿಸಿ ಜೋಡಿಸಿದ ಚಿಕ್ಕ ಚಿತ್ರಕ್ಕೆ ವಿಕಿಲೀಕ್ಸ್ ಇಟ್ಟ ಹೆಸರಿನಲ್ಲೇ ‘ಕೊಲೆ’ ಎಂಬ ತೀರ್ಪಿತ್ತು. ಆ ಗುಂಪಿನಲ್ಲಿ ಆಯುಧ ಹಿಡಿದವರೂ ಇದ್ದರೆಂದು ಸೈನ್ಯ ಹೇಳಿದ್ದಕ್ಕೆ ಅದರಲ್ಲಿ ಸಿಕ್ಕ ಜಾಗ ಕಡಿಮೆ. ಜೊತೆಗೆ ಪೂರ್ಣ ಚಿತ್ರವನ್ನೂ ಹಾಕಿದ್ದರು ಎಂಬುದು ನಿಜ; ಆದರೆ ಜನ ನೋಡುವುದು ಚಿಕ್ಕದನ್ನೇ. ಅದೇ ಮ್ಯಾನಿಂಗ್ ಕೊಟ್ಟ ಲಕ್ಷಾಂತರ ಕಾಗದಗಳಲ್ಲಿ ಅಫ್ಘಾನಿಸ್ತಾನದಲ್ಲಿ ಅಮೆರಿಕನ್ನರಿಗೆ ಸುದ್ದಿ ಕೊಡುತ್ತಿದ್ದ ಬಡಪಾಯಿಗಳ ಹೆಸರುಗಳೂ ಹೊರಬಿದ್ದವು. ಅದನ್ನು ನಾವು ಒಪ್ಪಲಾರೆವು. ಆ ಹೆಸರಿನವರು ಇನ್ನೂ ಅದೇ ಹಳ್ಳಿಗಳಲ್ಲಿ ಬದುಕಿದ್ದವರು.

ಆದರೆ ಆ ಒಂದು ಚಿತ್ರದ ಮಟ್ಟಿಗೆ ಕೇಳೋಣ. 2010ರಲ್ಲಿ ಅದನ್ನು ತೋರಿಸಿದ್ದರಿಂದ 2007ರ ಯಾವ ದಾಳಿ ಕೆಟ್ಟಿತು? ಹೆಲಿಕಾಪ್ಟರು ಮರಳಿ ಎಷ್ಟೋ ಕಾಲವಾಗಿತ್ತು. ಉಳಿದಿದ್ದದ್ದು ಸತ್ತವರ ಮನೆಯವರ ಒಂದೇ ಪ್ರಶ್ನೆ: ನಮ್ಮವರು ಹೇಗೆ ಸತ್ತರು? ಇಲ್ಲಿ ಗುಟ್ಟು ಯೋಧನ ಪ್ರಾಣವನ್ನು ಕಾಯುತ್ತಿರಲಿಲ್ಲ; ಮೇಲಿನವರ ಮುಖವನ್ನು ಕಾಯುತ್ತಿತ್ತು. ನರಿಮನ್ ಹೌಸಿನ ಚಿತ್ರ ಮೂರು ದಿನ ತಡೆದಿದ್ದರೆ ಸಾಕಿತ್ತು; ಬಾಗ್ದಾದಿನ ಚಿತ್ರ ಮೂರು ವರ್ಷವಾಗುತ್ತ ಬಂದರೂ ಕದ್ದೇ ಬರಬೇಕಾಯಿತು.

ಈ ಎರಡು ಬಗೆಯ ಗುಟ್ಟುಗಳನ್ನು ನಾವು ಗುಮಾಸ್ತರು ದೂರದಿಂದಲೇ ಗುರುತಿಸಬಲ್ಲೆವು. ಫೈಲಿನ ಮೇಲೆ ‘ಗೋಪ್ಯ’ ಎಂಬ ಕೆಂಪು ಮುದ್ರೆ ಒತ್ತುವ ಕೈ ನಮ್ಮಂಥವರದೇ. ಕೆಲವು ಕಾಗದಗಳಿಗೆ ಅದು ನಿಜಕ್ಕೂ ಬೇಕು. ಅವುಗಳನ್ನು ನಾವು ಮನೆಯವರ ಮುಂದೂ ಬಾಯಿಬಿಡುವುದಿಲ್ಲ. ಇನ್ನು ಕೆಲವಕ್ಕೆ ಮುದ್ರೆ ಬೀಳುವುದು ಯಾರದೋ ತಪ್ಪೆಣಿಕೆ ಹೊರಗೆ ಬರಬಾರದೆಂದು. ಮುದ್ರೆ ಒಂದೇ, ಬಣ್ಣ ಒಂದೇ. ಒಳಗಿನ ಕಾಗದ ಮಾತ್ರ ಬೇರೆ. ಒತ್ತುವಾಗ ಯಾರೂ ಕೇಳದ ಪ್ರಶ್ನೆ: ಇದು ಯಾವತ್ತಿನವರೆಗೆ ಗೋಪ್ಯ?

ಕಾನೂನಿನಲ್ಲೂ ಇದೇ ಕೊರತೆ. 1923ರ ಅಧಿಕೃತ ರಹಸ್ಯಗಳ ಕಾಯಿದೆ ಇಂದಿಗೂ ಜಾರಿಯಲ್ಲಿದೆ. 2005ರ ಮಾಹಿತಿ ಹಕ್ಕು ಕಾಯಿದೆ ಬಂದಾಗ 20 ವರ್ಷ ಹಳೆಯದಾದ ಸಂಗತಿಗಳನ್ನು ಕೇಳಿದವರಿಗೆ ಕೊಡಬೇಕೆಂದು ಬರೆದರು. ಆದರೆ ದೇಶದ ಭದ್ರತೆಯ ವಿಷಯಕ್ಕೆ ಆ ಗಡುವಿನಿಂದ ವಿನಾಯಿತಿ. ಸಾರ್ವಜನಿಕ ಹಿತ ಹೆಚ್ಚೆನಿಸಿದರೆ ಕೊಡಬಹುದೆಂಬ ಬಾಗಿಲೊಂದಿದೆ. ಅದನ್ನು ತೆರೆಯುವುದು ಅಧಿಕಾರಿಯ ಮನಸ್ಸು. 1962ರ ಚೀನಾ ಯುದ್ಧದ ಸೋಲನ್ನು ಪರಿಶೀಲಿಸಿದ ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಅವರ ವರದಿ 1963ರಲ್ಲೇ ಸಿದ್ಧವಾಯಿತು. 2014ರಲ್ಲಿ ಅದರ ಒಂದು ಭಾಗವನ್ನು ವಿದೇಶೀ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ ಹೊರಗಿಟ್ಟರು. ನಮ್ಮ ಸರಕಾರ ಅದನ್ನು ಪ್ರಕಟಿಸಿಲ್ಲ. ಇದಕ್ಕೆ ವಿರುದ್ಧವಾದ ಒಳ್ಳೆಯ ಉದಾಹರಣೆಯೂ ನಮ್ಮಲ್ಲೇ ಇದೆ. ಕಾರ್ಗಿಲ್ ಯುದ್ಧ ನಡೆದದ್ದು 1999ರಲ್ಲಿ. ಪರಿಶೀಲನಾ ಸಮಿತಿಯ ವರದಿಯನ್ನು 2000ದ ಫೆಬ್ರುವರಿಯಲ್ಲೇ ಸಂಸತ್ತಿನ ಮುಂದಿಟ್ಟರು. ಸೂಕ್ಷ್ಮ ಭಾಗಗಳನ್ನು ತೆಗೆದೇ ಇಟ್ಟರೆನ್ನಿ, ಆದರೂ ಇಟ್ಟರು. ಅದರಿಂದ ದೇಶವೇನೂ ಮುಳುಗಲಿಲ್ಲ.

ಮೂರನೆಯ ದೃಶ್ಯಕ್ಕೆ ಬರೋಣ. ಇದು ಎಲ್ಲೂ ನಡೆಯದೆ ಇದ್ದ ದೃಶ್ಯ!

2025ರ ಮೇ 8ರ ರಾತ್ರಿ ನಾವು ಟೀವಿ ಹಾಕಿದರೆ ಕರಾಚಿ ಬಂದರು ಉರಿಯುತ್ತಿತ್ತು. ಒಂದಲ್ಲ, ಹಲವು ವಾಹಿನಿಗಳಲ್ಲಿ. ನಮ್ಮ ನೌಕಾಪಡೆ ಬಂದರನ್ನು ಧ್ವಂಸ ಮಾಡಿತೆಂದು ಕೂಗುತ್ತಿದ್ದರು. ಬೆಳಗಾದಾಗ ಬಂದರು ಇದ್ದಲ್ಲೇ ಇತ್ತು; ದಾಳಿಯೇ ನಡೆದಿರಲಿಲ್ಲ. ಎಂದೋ ಎಲ್ಲೋ ನಡೆದ ಸ್ಫೋಟದ ಚಿತ್ರ, ಕಂಪ್ಯೂಟರ್ ಆಟದ ವಿಮಾನಕಾಳಗ, ಇವೆಲ್ಲ ಆ ದಿನಗಳಲ್ಲಿ ಯುದ್ಧದ ಚಿತ್ರಗಳೆಂದು ಮೊಬೈಲಿನಿಂದ ಮೊಬೈಲಿಗೆ ಓಡಾಡಿದವು. ಸೈನ್ಯದ ಚಲನವಲನವನ್ನು ನೇರವಾಗಿ ತೋರಿಸಬೇಡಿರೆಂದು ಸರಕಾರ ಏಪ್ರಿಲ್ 26ರಂದೇ ವಾಹಿನಿಗಳಿಗೆ ಸೂಚನೆ ಕೊಟ್ಟಿತ್ತು. ಅದರಲ್ಲಿ ಕಾರ್ಗಿಲ್, ಕಂದಹಾರ, ಮುಂಬಯಿಗಳನ್ನು ನೆನಪಿಸಿತ್ತು. ಮೇ 10ರ ಹೊತ್ತಿಗೆ ಇನ್ನೊಂದು ಸೂಚನೆಯೂ ಬೇಕಾಯಿತು: ಕಾರ್ಯಕ್ರಮಗಳಲ್ಲಿ ವಾಯುದಾಳಿಯ ಸೈರನ್ನನ್ನು ಹಾಕಬೇಡಿ. ಹಿನ್ನೆಲೆ ಸಂಗೀತದಂತೆ ಅದನ್ನು ಬಾರಿಸುತ್ತ ಹೋದರೆ ನಿಜವಾದ ಸೈರನ್ ಕೂಗಿದ ದಿನ ಜನ ಟೀವಿಯದೆಂದು ಸುಮ್ಮನಿದ್ದಾರು. ‘ತೋಳ ಬಂತು ತೋಳ’ ಎಂಬ ಹುಡುಗನ ಕಥೆಯನ್ನು ವಾಹಿನಿಯವರಿಗೂ ಹೇಳಬೇಕಾದ ಕಾಲ!

ಈ ದೃಶ್ಯದಿಂದ ಗುಟ್ಟೇನೂ ಸೋರಲಿಲ್ಲ, ನಿಜ. ಸೋರಲು ಅದರಲ್ಲಿ ನಿಜವೇ ಇರಲಿಲ್ಲವಲ್ಲ! ಆದರೆ ನಷ್ಟ ಕಡಿಮೆಯದಲ್ಲ. ತಾಳ್ಮೆಯಿಂದ ಕಾಯಬಲ್ಲ ಪ್ರೇಕ್ಷಕನನ್ನು ಅದು ಕೆಡಿಸುತ್ತದೆ. ಸುಳ್ಳು ಜಯದ ರುಚಿ ಹತ್ತಿದವನಿಗೆ ನಿಜವಾದ ವರದಿ ಸಪ್ಪೆ.

ಅದೇ ವಾರದಲ್ಲಿ ನಮಗೆ ಮೆಚ್ಚುಗೆಯಾದದ್ದೂ ಒಂದಿದೆ. ಮೇ 11ರ ಪತ್ರಿಕಾಗೋಷ್ಠಿಯಲ್ಲಿ ನಮ್ಮ ವಿಮಾನಗಳಿಗೆ ಹಾನಿಯಾಯಿತೇ ಎಂದು ಕೇಳಿದಾಗ ಏರ್ ಮಾರ್ಷಲ್ ಎ. ಕೆ. ಭಾರ್ತಿಯವರು ಯುದ್ಧದಲ್ಲಿ ನಷ್ಟ ಸಹಜವೆಂದು ಒಪ್ಪಿ, ವಿವರ ಹೇಳಿದರೆ ಎದುರಾಳಿಗೆ ಅನುಕೂಲವಾದೀತೆಂದು ಅಲ್ಲಿಗೇ ನಿಲ್ಲಿಸಿದರು. ನಮ್ಮ ಎಲ್ಲ ವೈಮಾನಿಕರೂ ಮರಳಿದ್ದಾರೆಂದರು. ಸುಳ್ಳೂ ಹೇಳಲಿಲ್ಲ, ಗುಟ್ಟನ್ನೂ ಬಿಡಲಿಲ್ಲ. ಇದೇ ಸರಿಯಾದ ‘ಆಮೇಲೆ’. ಮುಂದೆ ಮೇ 31ರಂದು ಸಿಂಗಪುರದಲ್ಲಿ ಸೇನಾಪಡೆಗಳ ಮುಖ್ಯಸ್ಥ ಜನರಲ್ ಅನಿಲ್ ಚೌಹಾಣ್ ಅವರು ಮೊದಲ ಹಂತದಲ್ಲಿ ವಿಮಾನಗಳ ನಷ್ಟವಾದದ್ದು ಹೌದೆಂದು ಹೇಳಿದರು. ಇಪ್ಪತ್ತು ದಿನದ ತಡ ನಮಗೆ ಹೆಚ್ಚೆನಿಸುವುದಿಲ್ಲ. ಆದರೆ ಆ ಮಾತನ್ನು ನಮ್ಮ ಜನ ವಿದೇಶೀ ಟೀವಿಯ ಸಂದರ್ಶನದಿಂದ ಕೇಳಬೇಕಾಯಿತು. ದಿಲ್ಲಿಯಲ್ಲಿ ನಮ್ಮ ಮುಂದೆಯೇ ಹೇಳಬಹುದಿತ್ತಲ್ಲವೆ ಎಂಬ ಕೊರಗು ಉಳಿಯಿತು. ಮನೆಯ ಸುದ್ದಿಯನ್ನು ನೆರೆಮನೆಯವರಿಂದ ಕೇಳಿದಂತೆ.

ಒಟ್ಟಿನಲ್ಲಿ ನಮ್ಮ ಅಭಿಪ್ರಾಯವಿಷ್ಟು. ಸೈನ್ಯಕ್ಕೆ ಗುಟ್ಟು ಬೇಕು. ಅದು ಯೋಧನ ಮೈಮೇಲಿನ ಕವಚದಷ್ಟೇ ಮುಖ್ಯ. ಆದರೆ ಆ ಗುಟ್ಟಿಗೆ ಗಡಿಯಾರವಿರಬೇಕು. ಕಾರ್ಯಾಚರಣೆಯ ಗಂಟೆಯಲ್ಲಿ ಬಾಯಿ ಮುಚ್ಚುವುದು ನಮ್ಮ ಧರ್ಮ. ಅದು ಮುಗಿದ ಮೇಲೆ ಕೇಳುವುದು ನಮ್ಮ ಹಕ್ಕು. ಉತ್ತರ ಕೊಡುವುದು ಆಳುವವರ ಕರ್ತವ್ಯ. ಮೊದಲನೆಯದನ್ನು ಮುರಿದವರು ವಾಹಿನಿಗಳು ಮತ್ತು ನಮ್ಮಂಥ ಮೊಬೈಲುಧಾರಿಗಳು. ಕೊನೆಯದನ್ನು ಮುರಿಯುವವರು ಬೇರೆಯವರು. ಎರಡನ್ನೂ ಒಂದೇ ‘ದೇಶಹಿತ’ದ ಮುದ್ರೆಯಡಿ ಸೇರಿಸಿಬಿಟ್ಟರೆ ನಿಜವಾದ ಗುಟ್ಟಿಗೂ ಬೆಲೆ ಹೋಗುತ್ತದೆ. ಸಣ್ಣ ತಪ್ಪಿಗೂ ‘ಗೋಪ್ಯ’ವೆಂದು ಒತ್ತುವ ಕಚೇರಿಯಲ್ಲಿ ನಿಜವಾದ ಗೋಪ್ಯ ಕಾಗದವನ್ನೂ ಜನ ಸಸಾರವಾಗಿಯೇ ಕಾಣುತ್ತಾರೆ.

ನಮ್ಮ ಪಾಲಿನದನ್ನು ನಾವು ಮಾಡಿದ್ದೇವೆ. ಆ ರೈಲಿನ ಚಿತ್ರವನ್ನು ಮನೆಯವರ ಬಳಗದಿಂದ ಅಳಿಸಿದೆವು. ಆದರೆ ಹೊರಗೆ ಹೋದದ್ದನ್ನು ಅಳಿಸುವುದು ಯಾರ ಕೈಯಲ್ಲಿದೆ? ಅದು ಈಗಲೂ ಎಲ್ಲೋ ತಿರುಗುತ್ತಿರಬಹುದು. ನಮ್ಮ ಕಟ್ಟಡದ ಬಳಗದಲ್ಲಿ ಒಂದು ಕಟ್ಟಳೆ ಮಾಡಿಕೊಂಡಿದ್ದೇವೆ: ಸೈನ್ಯದ ಗಾಡಿ, ವಾಹನ, ನೆಲೆ ಯಾವುದರ ಚಿತ್ರವನ್ನೂ ಹಾಕುವಂತಿಲ್ಲ, ಯುದ್ಧದ ಚಿತ್ರ ಬಂದರೆ ಎಂದಿನದು, ಎಲ್ಲಿಯದು ಎಂದು ತಿಳಿಯದೆ ಮುಂದೆ ಕಳಿಸುವಂತಿಲ್ಲ. ಸೈನಿಕರ ಮನೆಯವರು ಊರೂರಲ್ಲೂ ಇರುವ ನಮ್ಮ ಕನ್ನಡ ಬಳಗದಲ್ಲಿ ಸಂಘವೂ ಇಂಥದೊಂದು ಕಟ್ಟಳೆ ಮಾಡುವುದು ಒಳಿತು ಎಂದು ವಿನಂತಿ. ವಾಚಕರು ತಮ್ಮ ಅಭಿಪ್ರಾಯವನ್ನು, ವಿರೋಧವಿದ್ದರೂ ಸರಿಯೆ, ಬರೆದು ತಿಳಿಸಬೇಕು.

ಕಳೆದ ಬಾರಿ ಕಾಕೂ ಅವರ ಮಗ ರಜೆಗೆ ಬಂದಿದ್ದ. ಎಲ್ಲಿದ್ದೀಯಪ್ಪಾ ಈಗ ಎಂದು ನಾಲಗೆಯ ತುದಿಗೆ ಬಂದಿತ್ತು, ಕೇಳಲಿಲ್ಲ. ಬದಲಿಗೆ, ಅಲ್ಲಿ ಊಟಕ್ಕೆ ಜೋಳದ ರೊಟ್ಟಿ ಸಿಗುತ್ತದೆಯೇ ಎಂದು ಕೇಳಿದೆವು. ಅವನು ನಕ್ಕು, “ಅದೊಂದು ಗುಟ್ಟಲ್ಲರೀ, ಸಿಗೂದಿಲ್ಲ” ಎಂದ. ಒಳಗೆ ಕಾಕೂ ರೊಟ್ಟಿ ತಟ್ಟುವ ಸಪ್ಪಳ ಕೇಳುತ್ತಿತ್ತು.